ಚರ್ಮದ ಲಿಂಫೋಮಾ: ಮುಲಾಮೋ, ಬೆಳಕೋ, ವಿಕಿರಣವೋ?

ಬಯಾಪ್ಸಿ ವರದಿಯಲ್ಲಿ ‘ಮೈಕೋಸಿಸ್ ಫಂಗಾಯ್ಡಿಸ್’ ಎಂದು ಬಂದ ಕೂಡಲೇ ಮನೆಯವರು ಕೇಳುವುದು ಒಂದೇ: ಕೀಮೋ ಯಾವಾಗ ಶುರು? ಬಹುಪಾಲು ಮಂದಿಗೆ ಉತ್ತರ ‘ಈಗ ಬೇಡ’ ಎಂದೇ ಇರುತ್ತದೆ, ಎಷ್ಟೋ ಜನರಿಗೆ ಅದು ಎಂದೂ ಬೇಕಾಗುವುದಿಲ್ಲ. ಇದು ಚರ್ಮದಲ್ಲಿ ನೆಲೆಯೂರುವ ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್, ಚರ್ಮದ ಲಿಂಫೋಮಾಗಳಲ್ಲಿ ಹೆಚ್ಚಾಗಿ ಕಾಣುವ ಬಗೆ. ಫಂಗಸ್‌ಗೂ ಇದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಮೈಯ ಶೇ. 10ಕ್ಕಿಂತ ಕಡಿಮೆ ಭಾಗದಲ್ಲಿ ಮಚ್ಚೆಗಳಿದ್ದು, ಬೇರೆಲ್ಲೂ ಹರಡಿಲ್ಲದ 1ಎ ಹಂತದವರ ಆಯುಷ್ಯ ಉಳಿದವರ ಆಯುಷ್ಯಕ್ಕಿಂತ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ಅವಸರದ ಕೀಮೋ ಏಕೆ ಬೇಡ ಎಂಬುದಕ್ಕೆ 1989ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಈಗಲೂ ಆಧಾರ. 103 ರೋಗಿಗಳಲ್ಲಿ ಒಂದು ಗುಂಪಿಗೆ ಆರಂಭದಲ್ಲೇ ಇಡೀ ಮೈಗೆ ಎಲೆಕ್ಟ್ರಾನ್ ವಿಕಿರಣ, ಜೊತೆಗೆ ಹಲವು ಔಷಧಿಗಳ ಕೀಮೋ ಕೊಟ್ಟರು. ಇನ್ನೊಂದು ಗುಂಪಿಗೆ ಚರ್ಮದ ಮೇಲಿನ ಚಿಕಿತ್ಸೆಗಳಿಂದ ಶುರುಮಾಡಿ, ರೋಗ ಮುಂದುವರಿದರೆ ಮಾತ್ರ ಮೇಲಿನ ಮೆಟ್ಟಿಲಿಗೆ ಹೋದರು. ಮೊದಲ ಗುಂಪಿನಲ್ಲಿ ಶೇ. 38 ಮಂದಿಯ ಮಚ್ಚೆಗಳು ಪೂರ್ತಿ ಮಾಯವಾದವು, ಎರಡನೆಯದರಲ್ಲಿ ಶೇ. 18. ಆದರೆ ಬದುಕಿದ ಕಾಲದಲ್ಲಿ ವ್ಯತ್ಯಾಸ ಕಾಣಲಿಲ್ಲ, ಮೊದಲ ಗುಂಪಿನವರು ಅಡ್ಡಪರಿಣಾಮಗಳನ್ನು ಮಾತ್ರ ಹೆಚ್ಚು ಅನುಭವಿಸಿದರು. ಹಾಗಾಗಿ ಕೆಳಗಿನ ಹೋಲಿಕೆಯೆಲ್ಲ ಒಂದೇ ತತ್ವದ ಮೇಲೆ ನಿಂತಿದೆ. ಇದು ಹತ್ತಾರು ವರ್ಷ ಜೊತೆಗಿರಬಹುದಾದ ರೋಗ, ಈ ಹೊತ್ತಿನ ಮಚ್ಚೆಗೆ ಸಾಕಾಗುವ ಚಿಕಿತ್ಸೆಗಳಲ್ಲಿ ಮೈಗೆ ಕಡಿಮೆ ಹೊರೆಯಾಗುವುದನ್ನು ಮೊದಲು ಆರಿಸಬೇಕು.

ಮೊದಲು ವರದಿ ಸರಿಯೇ ನೋಡಿ

ಆರಂಭದ ಮಚ್ಚೆ ಇಸುಬಿನಂತೆ, ಸೋರಿಯಾಸಿಸ್‌ನಂತೆ, ಹುಳುಕಡ್ಡಿಯಂತೆ ಕಾಣುತ್ತದೆ. ಕಂದು ಮೈಬಣ್ಣದವರಲ್ಲಿ, ಅದರಲ್ಲೂ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ, ಬಣ್ಣ ಕುಂದಿದ ಮಚ್ಚೆಯಾಗಿ ಬರುವ ಬಗೆಯೊಂದಿದೆ. ನಮ್ಮಲ್ಲಿ ಅದನ್ನು ತೊನ್ನು, ಚಿಬ್ಬು, ಕುಷ್ಠ ಎಂದುಕೊಳ್ಳುವುದು ಸುಲಭ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಕುಂದಿರುತ್ತದೆ, ಇಲ್ಲಿ ಹತ್ತಿಯ ಎಳೆ ತಾಗಿದರೂ ಗೊತ್ತಾಗುತ್ತದೆ. ತೊನ್ನು ಅಚ್ಚ ಬಿಳಿಯಾಗಿ, ಅಂಚು ಸ್ಪಷ್ಟವಾಗಿರುತ್ತದೆ. ಇಲ್ಲಿ ಬಣ್ಣ ಮಂಕಾಗಿರುತ್ತದೆಯೇ ಹೊರತು ಪೂರ್ತಿ ಹೋಗಿರುವುದಿಲ್ಲ, ಮೇಲೆ ಸಣ್ಣ ಹೊಟ್ಟು ಇರಬಹುದು. ಸೊಂಟ, ಪೃಷ್ಠ, ತೊಡೆಯ ಒಳಬದಿ, ಸ್ತನದ ಕೆಳಗೆ, ಅಂದರೆ ಬಿಸಿಲು ಬೀಳದ ಕಡೆ ಹೆಚ್ಚು. ತೊಡಕೇನೆಂದರೆ, ತೊನ್ನಿಗೆ ಕೊಡುವ ಬೆಳಕಿನ ಚಿಕಿತ್ಸೆಗೆ ಈ ಮಚ್ಚೆಯೂ ಚೆನ್ನಾಗಿ ಮಣಿಯುತ್ತದೆ. ಬಣ್ಣ ವಾಪಸಾಯಿತೆಂದು ಎಲ್ಲರೂ ಮರೆಯುತ್ತಾರೆ, ಬಯಾಪ್ಸಿ ಆಗುವುದೇ ಇಲ್ಲ, ಕೆಲ ವರ್ಷದ ಮೇಲೆ ಮತ್ತೆ ಬರುತ್ತದೆ.

ಬಯಾಪ್ಸಿ ಹುಸಿಹೋಗಲು ದೊಡ್ಡ ಕಾರಣ ಸ್ಟೀರಾಯ್ಡ್. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ‘ತುರಿಕೆ ಮುಲಾಮು’ಗಳಲ್ಲಿ ಎಷ್ಟೋ ಕಡೆ ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಸೇರಿರುತ್ತವೆ. ಅದನ್ನು ಹಚ್ಚಿಕೊಂಡ ಚರ್ಮದಲ್ಲಿ ಲಿಂಫೋಸೈಟ್‌ಗಳು ಚದುರಿಹೋಗಿ, ಸೂಕ್ಷ್ಮದರ್ಶಕದಡಿ ಏನೂ ಖಚಿತವಾಗುವುದಿಲ್ಲ. ಬಯಾಪ್ಸಿಗೆ 2ರಿಂದ 4 ವಾರ ಮೊದಲೇ ಮುಲಾಮನ್ನೂ ಬೆಳಕಿನ ಚಿಕಿತ್ಸೆಯನ್ನೂ ನಿಲ್ಲಿಸಬೇಕು. ಮಾದರಿ ಒಂದು ಸಾಲದು. ಕನಿಷ್ಠ ಎರಡು ಬೇರೆ ಜಾಗಗಳಿಂದ, ಹೆಚ್ಚು ದಪ್ಪಗಿರುವಲ್ಲಿ, 4ರಿಂದ 6 ಮಿ.ಮೀ. ಪಂಚ್‌ನಲ್ಲಿ ತೆಗೆಯುವುದು ಒಳ್ಳೆಯದು. ಸಿಡಿ3, ಸಿಡಿ4, ಸಿಡಿ7, ಸಿಡಿ8, ಸಿಡಿ20, ಸಿಡಿ30 ಎಂಬ, ಕೋಶದ ಬಗೆಯನ್ನು ಗುರುತಿಸುವ ಬಣ್ಣಪರೀಕ್ಷೆಗಳು ಇರಬೇಕು. ಅನುಮಾನ ಉಳಿದರೆ ಟಿ ಕೋಶಗಳೆಲ್ಲ ಒಂದೇ ಮೂಲದವೇ ಎಂದು ನೋಡುವ ಜೀನ್ ಪರೀಕ್ಷೆ. ಈ ಪರೀಕ್ಷೆ ಒಂದೇ ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ, ಕೆಲವು ಸಾಮಾನ್ಯ ಚರ್ಮರೋಗಗಳಲ್ಲೂ ಹಾಗೆ ಬರುತ್ತದೆ. ಎರಡು ಜಾಗದ ಮಾದರಿಗಳಲ್ಲೂ ಅದೇ ಕ್ಲೋನ್, ಅಂದರೆ ಅದೇ ಮೂಲದ ಕೋಶಗಳ ಗುಂಪು, ಸಿಕ್ಕಿದರೆ ತೂಕ ಹೆಚ್ಚು.

ದೊಡ್ಡವರಾದ ಮೇಲೆ ಹೊಸದಾಗಿ ಬಂದ ‘ಇಸುಬಿ’ಗೆ ಡ್ಯುಪಿಲುಮ್ಯಾಬ್ ಇಂಜೆಕ್ಷನ್ ಶುರುಮಾಡಿ, ತುರಿಕೆ ಸ್ವಲ್ಪ ಇಳಿದು ಮಚ್ಚೆಗಳು ಮಾತ್ರ ಬೆಳೆಯುತ್ತಿದ್ದರೆ ನಿಲ್ಲಿಸಿ, ಬಯಾಪ್ಸಿ ಮಾಡಿಸಿ. ಅಡಗಿದ್ದ ಲಿಂಫೋಮಾ ಆ ಔಷಧಿಯ ಮೇಲೆ ಬಯಲಾದ ವರದಿಗಳು ಸಾಕಷ್ಟಿವೆ.

ಅಳತೆಯೇ ಆಯ್ಕೆಯ ಕೀಲಿ

ಬೆರಳುಗಳೂ ಸೇರಿ ರೋಗಿಯದೇ ಅಂಗೈ ಮೈಯ ಹೆಚ್ಚುಕಡಿಮೆ ಶೇ. 1. ಮಚ್ಚೆಗಳೆಲ್ಲ ಸೇರಿ ಎಷ್ಟು ಅಂಗೈ ಎಂದು ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ಚರ್ಮದ ಹಂತ ಟಿ1, ಹತ್ತು ಅಥವಾ ಹೆಚ್ಚಾದರೆ ಟಿ2. ಒಂದು ಸೆಂ.ಮೀ. ಅಥವಾ ಹೆಚ್ಚಿನ ಗಂಟು ಒಂದಿದ್ದರೂ ಟಿ3. ಮೈಯ ಶೇ. 80ಕ್ಕೂ ಹೆಚ್ಚು ಕೆಂಪಾಗಿದ್ದರೆ ಟಿ4. ಇದಕ್ಕಿಂತ ಮುಖ್ಯ ದಪ್ಪ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಅಂಚು ಗೊತ್ತಾಗದಿದ್ದರೆ ಅದು ಚಪ್ಪಟೆ ಮಚ್ಚೆ, ಗೊತ್ತಾದರೆ ಉಬ್ಬಿದ ಪದರ. ಮುಲಾಮು ಮತ್ತು ಬೆಳಕು ಎಷ್ಟು ಆಳಕ್ಕೆ ಇಳಿಯಬಲ್ಲವು ಎಂಬುದರ ಮೇಲೆಯೇ ಎಲ್ಲ ಆಯ್ಕೆ ನಿಂತಿದೆ.

ತಜ್ಞರು ಇದನ್ನೇ ಅಂಕವಾಗಿ ಬರೆಯುತ್ತಾರೆ: ಚಪ್ಪಟೆ ಮಚ್ಚೆಯ ಶೇಕಡಾವಾರನ್ನು 1ರಿಂದ, ಉಬ್ಬಿದ್ದನ್ನು 2ರಿಂದ, ಗಂಟನ್ನು 4ರಿಂದ ಗುಣಿಸಿ ಕೂಡಿದ ಮೊತ್ತ. ಶುರುವಿನ ಅಂಕವನ್ನು ಬರೆಸಿಕೊಳ್ಳಿ. ಅರ್ಧಕ್ಕೆ ಇಳಿದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ. ‘ಸ್ವಲ್ಪ ವಾಸಿ’ ಎಂಬ ಮಾತಿನ ಮೇಲೆ ತಿಂಗಳುಗಟ್ಟಲೆ ಕಳೆಯಬಾರದು.

ಚಪ್ಪಟೆ ಮಚ್ಚೆಗಳ ಟಿ1ಗೆ, ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗ್ರಂಥಿ ಊದಿಲ್ಲದಿದ್ದರೆ, ಪೆಟ್-ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಅಗತ್ಯವಿಲ್ಲ. ಎಲುಬಿನ ಮಜ್ಜೆಯ ಪರೀಕ್ಷೆಯಂತೂ ಬೇಡ. ಆ ಹಣವನ್ನು ಎರಡನೇ ಪ್ಯಾಥಾಲಜಿಸ್ಟ್‌ಗೆ ಸ್ಲೈಡ್ ತೋರಿಸಲು ಬಳಸಿದರೆ ಲಾಭ ಹೆಚ್ಚು.

ಸ್ಟೀರಾಯ್ಡ್ ಮುಲಾಮು

ಚಪ್ಪಟೆ ಮಚ್ಚೆ, ಕಡಿಮೆ ಜಾಗ, ಆಸ್ಪತ್ರೆ ದೂರ. ಈ ಮೂರೂ ಇದ್ದರೆ ಇಲ್ಲಿಂದಲೇ ಶುರು. 1998ರ ಅಮೆರಿಕದ ಅಧ್ಯಯನವೊಂದರಲ್ಲಿ ಪ್ರಬಲ ಸ್ಟೀರಾಯ್ಡ್ ಹಚ್ಚಿದ ಟಿ1 ರೋಗಿಗಳಲ್ಲಿ ಶೇ. 63 ಮಂದಿಯ ಮಚ್ಚೆ ಪೂರ್ತಿ ಹೋಯಿತು, ಟಿ2ನಲ್ಲಿ ಅದು ಶೇ. 25. ಎಂದರೆ ಹರಡಿದಷ್ಟೂ ಮುಲಾಮಿನ ಕೈ ಸೋಲುತ್ತದೆ.

ಸೋಲಿಗೆ ಇನ್ನೊಂದು ಕಾರಣ ಸರಳ, ಸಾಕಷ್ಟು ಹಚ್ಚುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್‌ನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈ ಜಾಗಕ್ಕೆ ಸಾಕು. ಎಂಟು ಅಂಗೈಯಷ್ಟು ಮಚ್ಚೆ ಇದ್ದರೆ ಒಂದು ಸಲಕ್ಕೆ 2 ಗ್ರಾಂ. ದಿನಕ್ಕೆ ಎರಡು ಸಲವಾದರೆ 4 ಗ್ರಾಂ, ಅಂದರೆ 30 ಗ್ರಾಂ ಟ್ಯೂಬ್ ಏಳೆಂಟು ದಿನಕ್ಕೆ ಖಾಲಿಯಾಗಬೇಕು. ನಿಮ್ಮ ಮನೆಯಲ್ಲಿ ಅದೇ ಟ್ಯೂಬ್ ಎರಡು ತಿಂಗಳು ಬಂದಿದ್ದರೆ ಮುಲಾಮು ಸೋತಿಲ್ಲ, ಮುಲಾಮು ಹಚ್ಚಿಯೇ ಇಲ್ಲ. ಶೇ. 0.05ರ ಕ್ಲೋಬೆಟಸಾಲ್ ಜೊತೆ ಬರುವ ಚೀಟಿಯಲ್ಲಿ ‘ಎರಡು ವಾರಕ್ಕಿಂತ ಹೆಚ್ಚು ಬೇಡ, ವಾರಕ್ಕೆ 50 ಗ್ರಾಂ ಮೀರಬಾರದು’ ಎಂದಿರುತ್ತದೆ. ಲಿಂಫೋಮಾಗೆ ವೈದ್ಯರು ತಿಳಿದೇ ಹೆಚ್ಚು ಕಾಲ ಕೊಡುತ್ತಾರೆ, ಬದಲಿಗೆ ಆಗಾಗ ಚರ್ಮ ನೋಡುತ್ತಾರೆ. ತೊಡೆಸಂದಿ, ಕಂಕುಳು, ಮುಖದಲ್ಲಿ ಚರ್ಮ ಬೇಗ ತೆಳುವಾಗಿ ಗೆರೆ ಬೀಳುತ್ತದೆ, ಅಲ್ಲಿಗೆ ಕಡಿಮೆ ಶಕ್ತಿಯದು ಬೇಕು. ಎರಡು ಮೂರು ತಿಂಗಳಲ್ಲಿ ಅಂಕ ಇಳಿಯದಿದ್ದರೆ ಇದನ್ನೇ ಎಳೆಯುವುದರಲ್ಲಿ ಅರ್ಥವಿಲ್ಲ.

ಮುಲಾಮಿನ ಇನ್ನೆರಡು ಬಗೆಗಳಿವೆ. ಮೆಕ್ಲೋರೆಥಮೀನ್ ಜೆಲ್ ಅಮೆರಿಕದಲ್ಲಿ 2013ರಿಂದ ಸಿಗುತ್ತಿದೆ. ಸ್ಟೀರಾಯ್ಡ್‌ನಂತೆ ಚರ್ಮ ತೆಳುವಾಗಿಸುವುದಿಲ್ಲ, ಆದರೆ ಹಲವರಿಗೆ ಉರಿ, ಅಲರ್ಜಿ ಬರುತ್ತದೆ. ಅಂಥವರು ಪೂರ್ತಿ ಬಿಡುವ ಬದಲು ಕೆಲ ದಿನ ನಿಲ್ಲಿಸಿ, ಮೂರು ದಿನಕ್ಕೊಮ್ಮೆಯಂತೆ ಮತ್ತೆ ಶುರುಮಾಡಬಹುದು. ಫ್ರಿಜ್‌ನಿಂದ ತೆಗೆದ ಅರ್ಧ ಗಂಟೆಯೊಳಗೆ ಹಚ್ಚಬೇಕು. ಚರ್ಮ ಪೂರ್ತಿ ಒಣಗಿರಬೇಕು, ಸ್ನಾನವಾಗಿ ಕನಿಷ್ಠ ಅರ್ಧ ಗಂಟೆ ಆಗಿರಬೇಕು, ಹಚ್ಚಿದ ಮೇಲೆ 4 ಗಂಟೆ ಸ್ನಾನ ಬೇಡ. ಹಚ್ಚಿದ ಮೇಲೆ 5ರಿಂದ 10 ನಿಮಿಷ ಬಿಟ್ಟು ಬಟ್ಟೆ ಹಾಕಿ. ಹಚ್ಚಿಕೊಡುವವರು ಕೈಗವಸು ಹಾಕಲೇಬೇಕು. ಜೆಲ್‌ಗೆ ಬೆಂಕಿ ತಗಲುತ್ತದೆ, ಒಣಗುವವರೆಗೆ ಒಲೆಯ ಹತ್ತಿರವಾಗಲಿ ದೇವರ ದೀಪದ ಹತ್ತಿರವಾಗಲಿ ಹೋಗಬೇಡಿ. ಬೆಕ್ಸರೋಟೀನ್ ಜೆಲ್ ಇನ್ನೊಂದು. ಕೆಲವೇ ಮಚ್ಚೆಗಳಿದ್ದರೆ ಸರಿ, ಕಿರಿಕಿರಿ ಹೆಚ್ಚು. ವಿದೇಶದಲ್ಲಿರುವ ಕನ್ನಡಿಗರಿಗೆ ಇವೆರಡು ನಿಜವಾದ ಆಯ್ಕೆಗಳು. ಭಾರತದಲ್ಲಿ ಮೊದಲು ಔಷಧಿ ತರಿಸುವ ದಾರಿ ಕೇಳಿಕೊಂಡೇ ಮುಂದೆ ಹೋಗಿ. ಗರ್ಭಿಣಿಯರಿಗೆ ಎರಡೂ ಸಲ್ಲ.

ಬೆಳಕು: ಯುವಿಬಿಯೋ, ಪುವಾನೋ

ಮುಲಾಮು ಹಚ್ಚಲಾರದಷ್ಟು ಹರಡಿದ್ದರೆ ಬೆಳಕಿಗೆ ಹೋಗಬೇಕು. 311 ನ್ಯಾನೋಮೀಟರ್ ಸುತ್ತಲಿನ ನ್ಯಾರೋಬ್ಯಾಂಡ್ ಯುವಿಬಿ ಎಂಬ ಅತಿನೇರಳೆ ಬೆಳಕು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಚಪ್ಪಟೆ ಮಚ್ಚೆಗೆ, ತುಸು ಉಬ್ಬಿದ್ದಕ್ಕೆ ಅದು ಸಾಕು. ಬಣ್ಣ ಕುಂದಿದ ಬಗೆಗೆ ಇದೇ ಮೊದಲ ಆಯ್ಕೆ, ಮಕ್ಕಳಿಗೂ ಗರ್ಭಿಣಿಯರಿಗೂ ಕೊಡಬಹುದು, ಮಾತ್ರೆಯ ಗೊಡವೆಯಿಲ್ಲ.

ಪುವಾದಲ್ಲಿ ಮೊದಲು ಸೋರಲೆನ್ ಮಾತ್ರೆ, ಪ್ರತಿ ಕೆ.ಜಿ.ಗೆ ಸುಮಾರು 0.6 ಮಿ.ಗ್ರಾಂ. ಒಂದೂವರೆ ಎರಡು ಗಂಟೆಯ ನಂತರ ಯುವಿಎ ಬೆಳಕು. ಇದು ಆಳಕ್ಕೆ ಇಳಿಯುತ್ತದೆ. ದಪ್ಪ ಪದರಕ್ಕೆ, ಕೂದಲ ಬುಡ ಹಿಡಿದ ಬಗೆಗೆ ಯುವಿಬಿಗಿಂತ ಮೇಲು. ಬೆಲೆಯನ್ನು ಬೇರೆ ರೀತಿ ತೆರಬೇಕು: ವಾಕರಿಕೆ, ಮಾತ್ರೆ ನುಂಗಿದ ದಿನವಿಡೀ ಬಿಸಿಲಿಗೆ ಕಪ್ಪು ಕನ್ನಡಕ, ಮೈ ಮುಚ್ಚುವ ಬಟ್ಟೆ. ಒಟ್ಟು 200 ಸಲ ದಾಟಿದರೆ ಬೇರೆ ಚರ್ಮದ ಕ್ಯಾನ್ಸರ್‌ಗಳ ಭಯ ಏರುತ್ತದೆ, ಆದ್ದರಿಂದ ಕಾರ್ಡಿನಲ್ಲಿ ಪ್ರತಿ ಸಲದ ಲೆಕ್ಕ ಇರಲಿ. ಮಾತ್ರೆ ನುಂಗಿ ಮನೆಯ ಮಾಳಿಗೆಯ ಬಿಸಿಲಲ್ಲಿ ನಿಲ್ಲುವ ಪದ್ಧತಿ ತೊನ್ನಿಗೆ ನಮ್ಮಲ್ಲಿ ರೂಢಿ. ಲಿಂಫೋಮಾಗೆ ಅದನ್ನು ಒಪ್ಪುವುದು ಕಷ್ಟ, ಮೋಡದ ದಿನಕ್ಕೂ ಏಪ್ರಿಲ್ ಮಧ್ಯಾಹ್ನಕ್ಕೂ ಡೋಸ್ ಅಳೆಯುವವರು ಯಾರು?

ಎರಡರಲ್ಲೂ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕು. ಮಚ್ಚೆ ಹೋದ ಮೇಲೂ ಒಂದೆರಡು ತಿಂಗಳು ಅದೇ ಡೋಸ್ ಮುಂದುವರಿಸಿ, ಆಮೇಲೆ ನಿಧಾನಕ್ಕೆ ಇಳಿಸುವುದು ರೂಢಿ. ನಡುವೆ ವಾರಕ್ಕಿಂತ ಹೆಚ್ಚು ತಪ್ಪಿದರೆ ಹಳೆ ಡೋಸ್‌ನಲ್ಲೇ ಮತ್ತೆ ಶುರುಮಾಡಬಾರದು. ಯುವಿಬಿಯಲ್ಲಿ ವಾರದೊಳಗೆ ವಾಪಸಾದರೆ ಅದೇ ಡೋಸ್. ಒಂದರಿಂದ ಎರಡು ವಾರ ತಪ್ಪಿದರೆ ಕಾಲುಭಾಗ ಕಡಿತ, ಎರಡರಿಂದ ಮೂರು ವಾರವಾದರೆ ಅರ್ಧ, ಅದಕ್ಕೂ ಹೆಚ್ಚಾದರೆ ಮೊದಲಿನಿಂದ. ಹಬ್ಬಕ್ಕೆ ಊರಿಗೆ ಹೋಗಿ ಬಂದವರ ಮೈ ಸುಡುವುದು ಇದನ್ನು ಹೇಳದಿದ್ದಾಗಲೇ. ಪ್ರತಿ ಸಲ ಒಂದೇ ಆಕಾರದ ಒಳಉಡುಪು ಹಾಕಿ. ಕಳೆದ ಸಲ ಮುಚ್ಚಿದ್ದ ಚರ್ಮ ಇಂದು ಪೂರ್ತಿ ಡೋಸ್‌ಗೆ ತೆರೆದುಕೊಂಡರೆ ಅಲ್ಲಿ ಬೊಬ್ಬೆ ಏಳುತ್ತದೆ. ಕನ್ನಡಕ ತೆಗೆಯಬೇಡಿ. ಸನ್‌ಸ್ಕ್ರೀನ್, ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಚ್ಚಿ ಬಂದರೆ ಬೆಳಕು ಒಳಗೇ ಹೋಗದು. ಡಾಕ್ಸಿಸೈಕ್ಲಿನ್, ಬಿಪಿಯ ಹೈಡ್ರೋಕ್ಲೋರೋಥಯಜೈಡ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ತೊಡೆಸಂದಿ, ಕಂಕುಳು, ಸ್ತನದ ಕೆಳಗೆ, ನೆತ್ತಿಗೆ ಬೆಳಕು ತಲಪದು. ಅಲ್ಲೇ ಉಳಿದ ಮಚ್ಚೆಗೆ ಮುಲಾಮು ಜೊತೆ ಸೇರಿಸಿ, ಇಲ್ಲವಾದರೆ ‘ಬೆಳಕು ಫಲಿಸಲಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಶಿರಸಿಯವರು ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಕೂಲಿ, ಬಸ್ಸು, ಜೊತೆಗೊಬ್ಬರು. ಅಂಥಲ್ಲಿ ಬೆಳಕು ಎಷ್ಟೇ ಒಳ್ಳೆಯದಾದರೂ ಅರ್ಧಕ್ಕೆ ನಿಲ್ಲುತ್ತದೆ, ಅರ್ಧಕ್ಕೆ ನಿಲ್ಲುವ ಬೆಳಕಿಗಿಂತ ಸರಿಯಾಗಿ ಹಚ್ಚಿದ ಮುಲಾಮು ಮೇಲು. ಇದನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ಸಂಕೋಚ ಬೇಡ.

ವಿಕಿರಣ

ಈ ಕೋಶಗಳು ವಿಕಿರಣಕ್ಕೆ ಬಹಳ ಬೇಗ ಸಾಯುತ್ತವೆ. ಗಂಟು, ದಪ್ಪ ಹುಣ್ಣು, ಒಂದೇ ಕಡೆಯ ಮೊಂಡು ಮಚ್ಚೆಗೆ ಇದಕ್ಕೆ ಸಾಟಿಯಿಲ್ಲ. 2009ರ ನೆದರ್‌ಲೆಂಡ್ಸ್ ವರದಿಯಲ್ಲಿ ಮೈಕೋಸಿಸ್ ಫಂಗಾಯ್ಡಿಸ್‌ನ ಗಂಟುಗಳಿಗೆ ಎರಡು ಸಲ 2 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ) ಕೊಟ್ಟಾಗ ಪೂರ್ತಿ ಹೋದದ್ದು ಶೇ. 30, ಎರಡು ಸಲ 4 ಗ್ರೇ ಕೊಟ್ಟಾಗ ಶೇ. 92. ಹೀಗಾಗಿ ಈಗ ಸಾಮಾನ್ಯವಾಗಿ 8ರಿಂದ 12 ಗ್ರೇ. ಕೆಲವೇ ದಿನದ ಕೆಲಸ, ಮತ್ತೆ ಬಂದರೆ ಮತ್ತೆ ಕೊಡಲು ಜಾಗ ಉಳಿದಿರುತ್ತದೆ. ಮೈಯಲ್ಲಿ ಒಂದೇ ಒಂದು ಮಚ್ಚೆ ಇದ್ದು ಅದನ್ನು ಮೂಲದಿಂದ ತೆಗೆಯುವ ಉದ್ದೇಶವಿದ್ದರೆ ಮಾತ್ರ 20 ಗ್ರೇ ಮೀರುತ್ತಾರೆ. ಬೇರೆ ಕ್ಯಾನ್ಸರ್‌ಗಳ ರೂಢಿಯಲ್ಲಿ 40–50 ಗ್ರೇ ಎಂದು ಯಾರಾದರೂ ಬರೆದರೆ ಏಕೆಂದು ಕೇಳಿ.

ಇಡೀ ಮೈ ದಪ್ಪ ಪದರಗಳಿಂದ ತುಂಬಿದ್ದರೆ ಇಡೀ ಚರ್ಮಕ್ಕೆ ಎಲೆಕ್ಟ್ರಾನ್ ಕಿರಣ. ರೋಗಿ ಯಂತ್ರದಿಂದ ಕೆಲವು ಮೀಟರ್ ದೂರದಲ್ಲಿ ಆರು ಬೇರೆ ಬೇರೆ ಭಂಗಿಗಳಲ್ಲಿ ನಿಲ್ಲಬೇಕು. ನಿಲ್ಲಲಾಗದ ವಯಸ್ಸಾದವರಿಗೆ ಇದೇ ದೊಡ್ಡ ಅಡ್ಡಿ. ಹಳೆಯ 36 ಗ್ರೇ ಕೋರ್ಸ್‌ಗೆ ಒಂಬತ್ತು ಹತ್ತು ವಾರ ಬೇಕು, ಕೂದಲು ಉದುರುತ್ತದೆ, ಉಗುರು ಕಳಚುತ್ತದೆ, ಬೆವರು ತಿಂಗಳುಗಟ್ಟಲೆ ನಿಲ್ಲುತ್ತದೆ. 12 ಗ್ರೇ ಕೋರ್ಸ್ ಹಗುರ. ಅಮೆರಿಕದ ಮೂರು ಪ್ರಯೋಗಗಳ 33 ರೋಗಿಗಳಲ್ಲಿ ಶೇ. 88 ಮಂದಿಗೆ ಗುಣ ಕಂಡಿತು, ಪೂರ್ತಿ ಹೋದದ್ದು ಶೇ. 27. ಪೂರ್ತಿ ಹೋಗುವ ಸಂಖ್ಯೆ 36 ಗ್ರೇಯಲ್ಲೇ ಹೆಚ್ಚು. ಆದರೂ ಎಲ್ಲವೂ ಒಂದಲ್ಲ ಒಂದು ದಿನ ಮರಳುವ ರೋಗಕ್ಕೆ, ಪುನಃ ಕೊಡಬಹುದಾದ 12 ಗ್ರೇಯೇ ಲೇಸು ಎಂಬುದು ನಮ್ಮ ಒಲವು. ಭಾರತದಲ್ಲಿ ಇದು ಕೆಲವೇ ದೊಡ್ಡ ಕೇಂದ್ರಗಳಲ್ಲಿದೆ.

ಒಳಗಿನ ಔಷಧಿ ಯಾವಾಗ

ಚರ್ಮದ ಚಿಕಿತ್ಸೆ ಎರಡು ಮೂರು ಬಗೆ ಸೋತಾಗ, ಗಂಟುಗಳು ಹಲವಾದಾಗ, ರಕ್ತ ಅಥವಾ ಗ್ರಂಥಿ ಸೇರಿದಾಗ. ನಮ್ಮಲ್ಲಿ ಕೈಗೆಟುಕುವುದು ಮೆಥೋಟ್ರೆಕ್ಸೇಟ್, ವಾರಕ್ಕೊಮ್ಮೆ 10ರಿಂದ 25 ಮಿ.ಗ್ರಾಂ. ಜೊತೆಗೆ ಫೋಲಿಕ್ ಆಮ್ಲ, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ, ಮದ್ಯ ಪೂರ್ತಿ ಬಂದ್. ‘ವಾರಕ್ಕೊಮ್ಮೆ’ಯನ್ನು ‘ದಿನಕ್ಕೊಮ್ಮೆ’ ಎಂದು ಓದಿಕೊಂಡು ನುಂಗಿದವರಿಗೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣವೇ ಹೋಗಿದೆ. ಚೀಟಿಯ ಮೇಲೆ ವಾರದ ಹೆಸರನ್ನು, ‘ಸೋಮವಾರ ಮಾತ್ರ’ ಎಂಬಂತೆ, ಕನ್ನಡದಲ್ಲೇ ಬರೆಸಿಕೊಳ್ಳಿ.

ಅಸಿಟ್ರೆಟಿನ್ ಮಾತ್ರೆಯನ್ನು ಪುವಾ ಜೊತೆ ಸೇರಿಸಿದರೆ ಬೆಳಕಿನ ಸಲಗಳು ಕಡಿಮೆಯಾಗುತ್ತವೆ. ಆದರೆ ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸಬಾರದು, ಹರೆಯದ ಹೆಣ್ಣುಮಕ್ಕಳಿಗೆ ಬೇಡವೆನ್ನುವುದೇ ಸರಿ. ಬೆಕ್ಸರೋಟೀನ್ ಕ್ಯಾಪ್ಸೂಲ್ ಥೈರಾಯ್ಡ್ ಕುಗ್ಗಿಸುತ್ತದೆ, ಟ್ರೈಗ್ಲಿಸರೈಡ್ ಏರಿಸುತ್ತದೆ. ಥೈರಾಕ್ಸಿನ್ ಮತ್ತು ಫೆನೋಫೈಬ್ರೇಟ್ ಜೊತೆಗಿದ್ದೇ ಶುರು. ಜೆಮ್‌ಫೈಬ್ರೋಜಿಲ್ ಸೇರಿಸಬಾರದು, ಅದು ಬೆಕ್ಸರೋಟೀನ್ ಮಟ್ಟವನ್ನೇ ಏರಿಸುತ್ತದೆ.

ಹೊಸ ಔಷಧಿಗಳಲ್ಲಿ ಎರಡನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಗಂಟುಗಳೇ ಮುಖ್ಯವಾಗಿ, ಬಯಾಪ್ಸಿಯಲ್ಲಿ ಸಿಡಿ30 ಪಾಸಿಟಿವ್ ಇದ್ದರೆ ಬ್ರೆಂಟುಕ್ಸಿಮ್ಯಾಬ್. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ತಿಂಗಳಾದರೂ ನಿಂತ ಗುಣ ಶೇ. 56ರಷ್ಟು, ಮೆಥೋಟ್ರೆಕ್ಸೇಟ್ ಅಥವಾ ಬೆಕ್ಸರೋಟೀನ್ ಪಡೆದವರಲ್ಲಿ ಶೇ. 12.5. ಮೂರರಲ್ಲಿ ಇಬ್ಬರಿಗೆ ಕೈಕಾಲು ಜೋಮು ಹಿಡಿಯಿತು. ಮೊದಲೇ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇದನ್ನು ತೂಗಿ ನೋಡಬೇಕು. ಮೈಯೆಲ್ಲ ಕೆಂಪಾಗಿ, ರಕ್ತದಲ್ಲೂ ರೋಗಕೋಶಗಳಿರುವ ಸೆಜರಿ ಸ್ಥಿತಿಗೆ ಮೊಗಮುಲಿಜುಮ್ಯಾಬ್ ಹೊಂದುತ್ತದೆ. 2018ರ ಪ್ರಯೋಗದಲ್ಲಿ ರೋಗ ಮುಂದುವರಿಯದೆ ಕಳೆದ ಕಾಲ 7.7 ತಿಂಗಳು, ಹಳೆಯ ಔಷಧಿ ವೊರಿನೋಸ್ಟ್ಯಾಟ್‌ನಲ್ಲಿ 3.1. ಇದರ ಅಡ್ಡಪರಿಣಾಮವಾಗಿ ಬರುವ ದದ್ದು ರೋಗದಂತೆಯೇ ಕಾಣುತ್ತದೆ. ಬಯಾಪ್ಸಿ ಮಾಡದೆ ‘ರೋಗ ಹೆಚ್ಚಾಯಿತು’ ಎಂದು ಔಷಧಿ ಬದಲಿಸಿದರೆ ಫಲಿಸುತ್ತಿದ್ದ ಔಷಧಿಯನ್ನೇ ಕಳೆದುಕೊಂಡಂತೆ.

ಕೀಮೋ ಕೊನೆಗೆ. ಆಸ್ಟ್ರೇಲಿಯಾದ 2015ರ ವರದಿಯಲ್ಲಿ ಕೀಮೋ ಕೊಟ್ಟವರಿಗೆ ಮುಂದಿನ ಚಿಕಿತ್ಸೆ ಬೇಕಾದದ್ದು ಸರಾಸರಿ 3.9 ತಿಂಗಳಿಗೇ, ರೋಗನಿರೋಧಕ ಶಕ್ತಿಯನ್ನು ಚುರುಕಾಗಿಸುವ ಇಂಟರ್‌ಫೆರಾನ್ ಪಡೆದವರಿಗೆ 8.7 ತಿಂಗಳಿಗೆ. ಕೊಡಲೇಬೇಕಾದಾಗ ಜೆಮ್‌ಸಿಟಬಿನ್ ಅಥವಾ ಲೈಪೋಸೋಮಲ್ ಡಾಕ್ಸೊರುಬಿಸಿನ್, ಒಂದೊಂದಾಗಿ.

ವರದಿಯಲ್ಲಿ ಬೇರೆ ಹೆಸರಿದ್ದರೆ

ಮೇಲಿನ ಲೆಕ್ಕಾಚಾರ ಎಲ್ಲ ಚರ್ಮದ ಲಿಂಫೋಮಾಗಳಿಗೂ ಅನ್ವಯಿಸದು. ‘ಮಾರ್ಜಿನಲ್ ಜೋನ್’ ಅಥವಾ ‘ಫಾಲಿಕಲ್ ಸೆಂಟರ್’ ಬಿ ಲಿಂಫೋಮಾ, ಒಂದೆರಡು ಗಂಟು ಮಾತ್ರ: ಸುಮಾರು 24 ಗ್ರೇ ವಿಕಿರಣ ಸಾಕು, ಆದರೆ ಇಲ್ಲಿ ರೋಗ ಚರ್ಮದಲ್ಲಷ್ಟೇ ಇದೆಯೇ ಎಂದು ತಿಳಿಯಲು ಸ್ಕ್ಯಾನ್ ಬೇಕು. ವೇಗವಾಗಿ ಬೆಳೆಯುವ ಬಿ ಲಿಂಫೋಮಾ ಆದ ‘ಲೆಗ್ ಟೈಪ್’ ಎಂದಿದ್ದರೆ ಕಾಯುವಂತಿಲ್ಲ, ಆರಂಭದಲ್ಲೇ ರಿಟುಕ್ಸಿಮ್ಯಾಬ್ ಸೇರಿದ ಕೀಮೋ. ತಾನಾಗಿ ಎದ್ದು ತಾನಾಗಿ ಮಾಯುವ ‘ಲಿಂಫೊಮಟಾಯ್ಡ್ ಪ್ಯಾಪ್ಯುಲೋಸಿಸ್’ ಗುಳ್ಳೆಗಳಿಗೆ ಏನೂ ಕೊಡದೆ ಗಮನಿಸುತ್ತಿರುವುದು ಸರಿಯಾದ ಚಿಕಿತ್ಸೆಯೇ.

ಹಣ ಮತ್ತು ಕಾಗದ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಚಿಕಿತ್ಸೆಗೆ ಮುಂಚೆಯೇ ಮಾಡಿಸಿ. ವಿಕಿರಣ, ಕೀಮೋ ಪ್ಯಾಕೇಜಿನಲ್ಲಿವೆ ಎಂದಮಾತ್ರಕ್ಕೆ ಹೊರರೋಗಿಯಾಗಿ ಪಡೆಯುವ ಬೆಳಕಿನ ಚಿಕಿತ್ಸೆಯೂ ಇದೆ ಎಂದುಕೊಳ್ಳಬೇಡಿ, ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ. ಬಯಾಪ್ಸಿಯ ಚೂರನ್ನು ಕಾಪಿಟ್ಟ ಮೇಣದ ಬ್ಲಾಕ್ ನಿಮ್ಮದು. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಕ್ಕೆ ಹೋಗುವಾಗ ವರದಿಯ ಜೊತೆ ಬ್ಲಾಕ್, ಸ್ಲೈಡ್, ಹಗಲು ಬೆಳಕಲ್ಲಿ ತೆಗೆದ ಮಚ್ಚೆಗಳ ಫೋಟೋ ಒಯ್ಯಿರಿ.

ಯಾವ ಆಯ್ಕೆಯಲ್ಲಿದ್ದರೂ, ಒಡೆದ ಚರ್ಮದಲ್ಲಿ ಸ್ಟ್ಯಾಫಿಲೋಕಾಕಸ್ ಬೇಗ ನೆಲೆಯೂರುತ್ತದೆ. ಮುಂದುವರಿದ ಹಂತದವರನ್ನು ಎಷ್ಟೋ ಸಲ ಕೊಲ್ಲುವುದು ಲಿಂಫೋಮಾಕ್ಕಿಂತ ಈ ಸೋಂಕು. ಮಚ್ಚೆ ರಸ ಸೋರುತ್ತಿದ್ದರೆ, ವಾಸನೆ ಬಂದರೆ, ತಟ್ಟನೆ ನೋವು ಅಥವಾ ಜ್ವರ ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.